ಹನ್ನೆರಡನೆಯ ತಟ್ಟೆ

ಜೂನ್ ೯

ಗುಬ್ಬಿ,

ಮಧ್ಯಾಹ್ನ ಮೂರೂವರೆ. ಬೆಳಗ್ಗೆಯಿಂದ ಮಾಡಿದ್ದು ಇಷ್ಟು: ಅತ್ತೆಗೆ ತಲೆಸ್ನಾನ ಮಾಡಿಸಿದೆ, ಒಲೆಯ ಬೂದಿ ತೆಗೆದೆ, ಹಿತ್ತಿಲಿನ ಸೊಪ್ಪಿನ ಮಡಿಗೆ ನೀರು ಹಾಕಿದೆ. ನಿನ್ನ ಕಾಗದ ನಿನ್ನೆಯೇ ಬಂದಿತ್ತು. ಹಿಟ್ಟಿನ ಡಬ್ಬದ ಮೇಲಿಟ್ಟು ಸುಮ್ಮನಿದ್ದೆ. ಏಳು ತಿಂಗಳು ಸುಮ್ಮನಿದ್ದವಳ ಕಾಗದ ಇನ್ನೊಂದು ದಿನ ಕಾಯಬಹುದು ಅನ್ನಿಸಿತು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಬೇಕು ಅಂತ ಶಾಲೆಯಲ್ಲಿ ಕಲಿಸಿದ್ದರು. ನಾನು ಏಳನೆಯ ತರಗತಿಯವರೆಗೆ ಓದಿದವಳು. ಕಲಿಸಿದ್ದು ಮರೆತಿಲ್ಲ, ಆದರೆ ಬರೆಯಲಾರೆ.

ನೀನು ಕೇಳಿದ್ದು ಒಂದೇ ಮಾತು. ನಿನ್ನ ಭಾವ ಹೋಗಿ ವರ್ಷ ತುಂಬುವ ದಿನ ಬರಲೇ ಅಂತ. ಬರಬೇಡ.

ಮೊನ್ನೆ ಪ್ರವಾಸದ ಕಚೇರಿಯ ಸಾಹೇಬರು, ಅದೇ ನಮ್ಮ ಮೂರು ಪೆನ್ನಿನವರು, ಬಂದಿದ್ದರು. ಜೇಬಿನಲ್ಲಿ ಈಗಲೂ ಮೂರೇ ಪೆನ್ನು. ಬಂದವರೇ ನಿನ್ನ ಭಾವನ ಕುರ್ಚಿಯಲ್ಲಿ ಕೂತರು. ಬೇರೆ ಕುರ್ಚಿ ತಂದು ಹಾಕಿದೆ, ಏಳಲಿಲ್ಲ.

"ನವೆಂಬರಿಂದ ಮತ್ತೆ ಶುರು ಮಾಡೋಣ ಅಮ್ಮಾ. ಬೆಟ್ಟ, ಚಿತ್ರದ ಮಂಟಪ, ಆಮೇಲೆ ನಿಮ್ಮನೆ ಊಟ. ಮೂರೂ ಹಾಗೇ ಇರುತ್ತೆ" ಅಂದರು.

"ಮೂರೇನಪ್ಪಾ, ನಾಲ್ಕಿತ್ತಲ್ಲ? ನನ್ ಮಗ ಎಲ್ಲಿ?" ಅಂದರು ಅತ್ತೆ.

ಅವರು ನಡುವಿನ ಪೆನ್ನು ಮುಟ್ಟಿಕೊಂಡು ಕೆಮ್ಮಿದರು. ಹಳೇ ಕಲ್ಲುಗಣಿಯ ಅಂಚಿಗೆ ಬೇಲಿ ಹಾಕಿಸುತ್ತಾರಂತೆ. ಪಕ್ಕದಲ್ಲಿ ಒಂದು ಕಲ್ಲು ನಿಲ್ಲಿಸುತ್ತಾರಂತೆ. 'ಕಾಣೆಯಾದ ಅತಿಥಿಯನ್ನು ಹುಡುಕುತ್ತ ಪ್ರಾಣ ಕೊಟ್ಟ ಗೈಡು' ಎಂದು ಕೆತ್ತಿಸಿ, ಬಂದವರಿಗೆಲ್ಲ ತೋರಿಸುತ್ತಾರಂತೆ. ಅದಕ್ಕೆ ಆ ದಿನದ್ದನ್ನು ಮೊದಲಿಂದ ಹೇಳಿ ಅಂದರು. ಹೇಳಿದೆ. ಏನು ಹೇಳಿದೆ ಅಂತ ನಿನಗೂ ತಿಳಿದಿರಲಿ.

ಅವತ್ತು ಹನ್ನೆರಡು ಜನ. ಬೆಳಗ್ಗೆ ನಿನ್ನ ಭಾವ ಎಲ್ಲರನ್ನೂ ಬೆಟ್ಟ ಹತ್ತಿಸಿ, ಮೇಲಿನ ಮಂಟಪದಲ್ಲಿ ನಿನಗೆ ಒಪ್ಪಿಸಿ, ಸೌದೆ ಒಡೆಯಲು ಮನೆಗೆ ಇಳಿದು ಬಂದರು. ನೀನು ಎಂದಿನಂತೆ ಎಲ್ಲರನ್ನೂ ಚಾಪೆಯ ಮೇಲೆ ಅಂಗಾತ ಮಲಗಿಸಿ ಚಾವಣಿಯ ಹಕ್ಕಿಗಳ ಕಥೆ ಹೇಳಿದೆ. ಆಮೇಲೆ ಬಿಳಿ ಕಲ್ಲಿನ ಗುರುತು ಹಿಡಿದು ಅವರವರೇ ನಮ್ಮ ಮನೆಗೆ ಇಳಿಯುವುದು, ನೀನು ಬೀಗ ಹಾಕಿ ಆಚೆ ರಸ್ತೆಯಿಂದ ನಿನ್ನ ಮನೆಗೆ ಹೋಗುವುದು ರೂಢಿ. ಟೀಚರಮ್ಮ ಒಬ್ಬರು ಮಾತ್ರ ಏಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಹೇಳಿಕೊಳ್ಳಲು ನಾಚಿಕೆಪಟ್ಟು, ನೀವು ನಡೆಯಿರಿ, ನಾನು ಇನ್ನೊಂದು ಗಳಿಗೆ ನೋಡಿ ಬರುತ್ತೇನೆ ಎಂದು ಉಳಿದವರನ್ನು ಕಳಿಸಿದರು. ನೀನು ಅವರನ್ನು ಕಾವಲುಗಾರನ ಜೀಪಿನಲ್ಲಿ ವಸತಿಗೃಹಕ್ಕೆ ಬಿಟ್ಟು ಅಲ್ಲಿಂದ ಮನೆಗೆ ಫೋನ್ ಮಾಡಿದೆ. ಎತ್ತಿದವರು ಆಯ್ತು ಅಂದರು. ಅಡುಗೆಮನೆಯ ಹಲಗೆಯಲ್ಲಿ ಸೀಮೆಸುಣ್ಣದ ಹನ್ನೆರಡು ಹಾಗೇ ಉಳಿಯಿತು. ನಾನು ಹನ್ನೆರಡು ತಟ್ಟೆ ಇಟ್ಟೆ, ಬಂದವರು ಹನ್ನೊಂದು. ಮಂಜು ಇಳಿದಿತ್ತು. ಅವರು ಹನ್ನೆರಡನೆಯವರನ್ನು ಹುಡುಕಿಕೊಂಡು ಹೋದರು. ದಾರಿ ತಪ್ಪುವವರು ತಪ್ಪುವುದು ಗಣಿಯ ಹತ್ತಿರವೇ ಎಂದು ಅವರಿಗೆ ಗೊತ್ತಿತ್ತು. ಮಂಜಿನಲ್ಲಿ ಅಂಚು ಕಾಣದೆ ಅಲ್ಲೇ ಬಿದ್ದರು.

ಫೋನು ಎತ್ತಿದ್ದು ಅತ್ತೆ ಎಂದು ಹೇಳಿದೆ. ಪೊಲೀಸರಿಗೂ ಹಾಗೇ ಹೇಳಿದ್ದೆನಲ್ಲ. ಯಾರು ಫೋನ್ ಮಾಡಿದರೂ "ಆಯ್ತು ಆಯ್ತು" ಅಂದು ಇಟ್ಟುಬಿಡುವವರು ಅವರು. ಮೂರು ಪೆನ್ನಿನವರು "ವಯಸ್ಸಾಯ್ತಲ್ಲ, ಪಾಪ" ಅಂದು ಬರೆದುಕೊಂಡರು.

ಇನ್ನೊಂದು ಮಾತೂ ಹೇಳಿದೆ. ಕಳಿಸಿದವರೇ ಅಳಿಸಬೇಕು ಎಂಬುದು ನಿನ್ನ ಭಾವ ಮಾಡಿದ ನಿಯಮ. ಒಮ್ಮೆ ಒಬ್ಬರೇ ಕಡಿಮೆಯಾಗಿದ್ದಾಗ ನಾನೂ ನೀನೂ ಇಬ್ಬರೂ ಹಲಗೆಯಲ್ಲಿ ಒಂದೊಂದು ಕಳೆದು, ತಟ್ಟೆ ಸಾಲದೆ ದಪ್ಪ ಮೀಸೆಯವರೊಬ್ಬರು ಬಾಣಲೆಯ ಮುಚ್ಚಳದಲ್ಲಿ ಉಂಡು ಹೋದ ಮೇಲೆ ಮಾಡಿದ್ದು. ಅತಿಥಿಯನ್ನು ಬೇರೆ ಕಡೆ ಕಳಿಸಿದವರು ಮನೆಗೇ ಬಂದು, ತಮ್ಮ ಕೈಯಿಂದಲೇ ಹಲಗೆಯ ಸಂಖ್ಯೆ ತಿದ್ದಬೇಕು. ನೀನು ಬರಲಿಲ್ಲ. ಊರವರು ಹೇಳುವುದೂ ಅದನ್ನೇ. ನೀನು ಊರು ಬಿಟ್ಟಿದ್ದೂ ಅದಕ್ಕೇ ತಾನೇ.

ಅತ್ತೆ ಕರೆಯುತ್ತಿದ್ದಾರೆ.

ಅಕ್ಕ


ಜೂನ್ ೨೨

ಅಕ್ಕಾ,

ಬರಬೇಡ ಅಂತ ಬರೆಯಲು ನಾಲ್ಕು ಪುಟ ತೆಗೆದುಕೊಂಡಿದ್ದೀಯ. ಅಷ್ಟಾದರೂ ಬರೆದೆಯಲ್ಲ ಎಂದು ಖುಷಿಪಟ್ಟೆ ಅಂದರೆ ನಗಬೇಡ.

ನನ್ನ ಕೆಲಸದ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಬಸ್ ನಿಲ್ದಾಣದ ವಿಚಾರಣೆ ಕಿಟಕಿ. ನಲವತ್ತೆರಡು ಹಕ್ಕಿಗೆ ನಲವತ್ತೆರಡು ಕಥೆ ಹೇಳುತ್ತಿದ್ದ ಬಾಯಿ ಈಗ ದಿನಕ್ಕೆ ಐನೂರು ಸಲ "ಆರನೇ ಪ್ಲಾಟ್‌ಫಾರಂ, ನಾಲ್ಕು ಹತ್ತಕ್ಕೆ" ಅನ್ನುತ್ತದೆ. ನಿನ್ನೆ ಒಬ್ಬರು ಬಂದು "ಏನಮ್ಮಾ, ಬಸ್ಸು ಬರುತ್ತೋ ಇಲ್ವೋ?" ಅಂದರು. ಬರುತ್ತೆ ಸರ್ ಅಂದೆ. "ಯಾವಾಗ?" ನಾಲ್ಕು ಹತ್ತಕ್ಕೆ. "ಈಗ ಐದಾಯ್ತಲ್ರೀ!" ಹಾಗಾದ್ರೆ ನಾಳೆ ನಾಲ್ಕು ಹತ್ತಕ್ಕೆ ಸರ್ ಅಂದೆ. ಮೊದಲಾಗಿದ್ದರೆ ಇದನ್ನು ಮನೆಗೆ ಬಂದು ಭಾವನಿಗೆ ಅಭಿನಯಿಸಿ ತೋರಿಸುತ್ತಿದ್ದೆ. ಅವರು ಕೊಡಲಿ ಕೆಳಗಿಟ್ಟು ನಗುತ್ತಿದ್ದರು.

ನಾನು ನಿಯಮ ಮುರಿದೆ. ಒಪ್ಪುತ್ತೇನೆ. ಜೀಪು ಇತ್ತು, ಕಾವಲುಗಾರ ಬಿಡುತ್ತೇನೆ ಅಂದ. ವಸತಿಗೃಹದಿಂದ ನಿಮ್ಮ ಮನೆಗೆ ಸುತ್ತಿ ಬರಲು ಒಂದು ಗಂಟೆ. ಫೋನಿದೆಯಲ್ಲ ಅಂದುಕೊಂಡೆ. ಹಿಂದೆಯೂ ಎರಡು ಸಲ ಹಾಗೇ ಮಾಡಿದ್ದೆ. ದಿನಾ ಎದ್ದು ಹಲ್ಲುಜ್ಜುವಾಗ ಆ ಒಂದು ಗಂಟೆ ನೆನಪಾಗುತ್ತದೆ.

ಆದರೆ ಒಂದು ವಿಷಯ ಕೇಳಲೇಬೇಕು, ಬೈಯಬೇಡ. ನಾನು ಫೋನಿನಲ್ಲಿ "ಅಕ್ಕಾ" ಅಂತಲೇ ಶುರು ಮಾಡಿದ್ದು. ನಿನ್ನ ಅತ್ತೆ ಯಾವಾಗಲೂ ಎರಡು ಸಲ ಅನ್ನುತ್ತಾರೆ. ಅವತ್ತು ನನಗೆ ಕೇಳಿದ್ದು ಒಂದೇ ಆಯ್ತು. ಲೈನು ಗೊರಗೊರ ಅನ್ನುತ್ತಿತ್ತು, ಇನ್ನೊಂದನ್ನು ಅದು ನುಂಗಿರಬಹುದು. ಆ ಲೈನಿನಲ್ಲಿ ಎಲ್ಲರ ದನಿಯೂ ಒಂದೇ. ಎತ್ತಿದ್ದು ಅವರೇ ಅಂತ ನಿನಗೆ ಖಾತ್ರಿಯೇ?

ಹೌದು ಅಂದರೆ ಇನ್ನು ಕೇಳುವುದಿಲ್ಲ.

ನಿನ್ನ
ಗುಬ್ಬಿ


ಜುಲೈ ೧೫

ಗುಬ್ಬಿ,

ಬೆಳಗ್ಗೆ ಹತ್ತು ಗಂಟೆ. ಸೊಪ್ಪಿಗೆ ಹುಳ ಬಿದ್ದಿದೆ, ಒಂದೊಂದೇ ಎಲೆ ತಿರುಗಿಸಿ ತೆಗೆದೆ. ಪಕ್ಕದ ಮನೆಯವರು ಬೆಣ್ಣೆ ಕೊಟ್ಟು ಹೋದರು.

ಸೌದೆ ಒಡೆಯಲು ಈಗ ಯಾರನ್ನೂ ಕರೆಯುತ್ತಿಲ್ಲ. ಅವರು ಒಡೆದಿಟ್ಟದ್ದು ಇನ್ನೂ ಗೋಡೆಯೆತ್ತರ ಇದೆ. ಅದನ್ನು ಉರಿಸುವುದಿಲ್ಲ, ಬಿದ್ದ ಚಕ್ಕೆ ಆರಿಸಿ ಉರಿಸುತ್ತೇನೆ.

ಮೊನ್ನೆ ಅಟ್ಟದಿಂದ ಅತಿಥಿಗಳ ಅಭಿಪ್ರಾಯದ ಪುಸ್ತಕ ಇಳಿಸಿ ಓದಿದೆ. ಎಂಟು ವರ್ಷದ್ದು. 'ಬೆಟ್ಟ ಹತ್ತಿಸಿದ ಗೈಡು ದೇವರಂಥವರು.' 'ಮಂಟಪದ ಮೇಡಂ ಮಾತು ಕೇಳುತ್ತಿದ್ದರೆ ಹಕ್ಕಿಗಳು ಇಳಿದು ಬಂದಂತಾಯಿತು.' ಕೊನೆಯ ಸಾಲು ಎಲ್ಲದರಲ್ಲೂ ಒಂದೇ: 'ಊಟವೂ ಚೆನ್ನಾಗಿತ್ತು.' ಬೆಳಗ್ಗೆ ನಾಲ್ಕಕ್ಕೆ ಎದ್ದು, ಕಾಳು ಬೇಯಿಸಿ, ಹಿಟ್ಟು ನಾದಿ, ಹೊಗೆ ಕುಡಿದದ್ದಕ್ಕೆ ಒಂದು 'ಊಟವೂ'. ನಿನ್ನ ಭಾವನಿಗೆ ತೋರಿಸಿದ್ದೆ ಒಮ್ಮೆ. "ಹೊಟ್ಟೆ ತುಂಬಿದೋರಿಗೆ ಬರೆಯೋಕೆ ಕೈ ಏಳಲ್ಲ ಕಣೇ" ಅಂದು ನಕ್ಕಿದ್ದರು. ಈಗ ಯಾಕೆ ಬರೆದೆನೋ.

ಅತ್ತೆ ದಿನಾ ಕೇಳುತ್ತಾರೆ.

"ನಾನೇ ಎತ್ತಿದ್ನಾ?"

"ಹೂಂ ಅತ್ತೆ."

"ಏನಂದ್ಲು ಗುಬ್ಬಿ?"

"ಒಬ್ರು ಕಡಿಮೆ ಅಂದ್ಲಂತೆ."

"ನಾನ್ ಹೇಳ್ಲಿಲ್ವಾ ಅವನಿಗೆ?"

"ಇಲ್ಲ."

"ಇಲ್ಲೇ ಸೌದೆ ಒಡೀತಿದ್ದ. ಕೂಗಿದ್ರೆ ಕೇಳಿಸ್ತಿತ್ತು. ಅಷ್ಟೂ ಆಗ್ಲಿಲ್ವಾ ನನ್ ಕೈಲಿ?"

ಮರುದಿನ ಮತ್ತೆ ಮೊದಲಿಂದ.

ನಿನ್ನ ಪ್ರಶ್ನೆಗೆ ಉತ್ತರ ಮೇಲೆ ಇದೆ. ಹೌದು.

ಅಕ್ಕ


ಆಗಸ್ಟ್ ೧೦

ಅಕ್ಕಾ,

ಇನ್ನು ಕೇಳುವುದಿಲ್ಲ ಅಂದಿದ್ದೆ, ಕೇಳುವುದಿಲ್ಲ.

ಮೂರು ಪೆನ್ನಿನವರು ನನಗೂ ಫೋನ್ ಮಾಡಿದ್ದರು. ಮಂಟಪಕ್ಕೆ ಇಬ್ಬರನ್ನು ಹಾಕಿ ನೋಡಿದರಂತೆ. ಒಬ್ಬನಿಗೆ ಹಕ್ಕಿಗಳ ಲೆಕ್ಕವೇ ಬರಲಿಲ್ಲ. ಇನ್ನೊಬ್ಬಳು, ಕಣ್ಣು ಬರೆಯದೆ ಬಿಟ್ಟ ಆ ಒಂದು ಹಕ್ಕಿ ಎಲ್ಲಿದೆ ಎಂದು ನೋಡಲು ಬಂದವರನ್ನೇ ಕೇಳಿದಳಂತೆ. "ನೀವೇ ಬನ್ನಿ. ಬೆಟ್ಟಾನೂ ನೀವೇ ಹತ್ತಿಸಿ" ಅಂದರು. ಆ ದಾರಿಯಲ್ಲಿ ಭಾವನ ಹಿಂದೆ ಎಷ್ಟು ಸಲ ನಡೆದಿದ್ದೇನೆ, ಒಂದೊಂದು ಬಿಳಿ ಕಲ್ಲೂ ಗೊತ್ತು. ಒಪ್ಪಿದೆ. ನೀನು ಬೇಡ ಅಂದರೂ ಕೆಲಸಕ್ಕೆ ಬಂದವಳನ್ನು ತಡೆಯಲಾರೆಯಲ್ಲ.

ಆದರೆ ಒಂದು ಕರಾರು ಹಾಕಿದೆ. ಆ ಕಲ್ಲಿನ ಹತ್ತಿರ ಸುಳ್ಳು ಹೇಳಲಾರೆ. ಯಾರೂ ಕಾಣೆಯಾಗಿರಲಿಲ್ಲ. ಭಾವ ಗಣಿಯ ಅಂಚಿನಲ್ಲಿ 'ಮೇಡಂ ಮೇಡಂ' ಎಂದು ಕೂಗುತ್ತಿದ್ದಾಗ ಆ ಟೀಚರಮ್ಮ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಟೀ ಕುಡಿಯುತ್ತಿದ್ದರು. ಪಾಪ, ಅವರೂ ಮೂರು ಕಾಗದ ಬರೆದಿದ್ದಾರೆ ನನಗೆ. ಯಾವುದಕ್ಕೂ ಉತ್ತರ ಕೊಟ್ಟಿಲ್ಲ. ಕಲ್ಲಿನ ಹತ್ತಿರ ನಿಂತು ಹೀಗೆ ಹೇಳುತ್ತೇನೆ ಅಂದೆ: 'ನಾನು ಒಬ್ಬರನ್ನು ಬೇರೆ ದಾರಿಯಲ್ಲಿ ಕಳಿಸಿದೆ. ಮನೆಗೆ ಹೋಗಿ ಸಂಖ್ಯೆ ಅಳಿಸಬೇಕಿತ್ತು, ಸೋಮಾರಿತನ ಮಾಡಿದೆ. ಅದಕ್ಕೆ ನನ್ನ ಭಾವ ಸತ್ತರು.'

ಮೂರು ಪೆನ್ನಿನವರು ಬೈಯುತ್ತಾರೆ ಅಂದುಕೊಂಡಿದ್ದೆ. "ಅಯ್ಯೋ, ಚೆನ್ನಾಗಿದೆ ಮೇಡಂ! ಇದನ್ನೇ ಹೇಳಿ. ಜನಕ್ಕೆ ಮನಸ್ಸಿಗೆ ತಟ್ಟುತ್ತೆ. ಆಮೇಲೆ ಊಟಕ್ಕೆ ಹೋದ್ರೆ ಅಲ್ಲಿ ಅಮ್ಮನೂ ಇರ್ತಾರಲ್ಲ" ಅಂದರು.

ಅಕ್ಕಾ, ನನ್ನ ತಪ್ಪನ್ನೂ ತೋರಿಸುವ ಜಾಗಗಳ ಪಟ್ಟಿಗೆ ಸೇರಿಸಿಬಿಟ್ಟರು. ಒಂದನೆಯದು ಬೆಟ್ಟ, ಎರಡನೆಯದು ಹಕ್ಕಿ, ಮೂರನೆಯದು ನಾನು. ಆದರೂ ಹೇಳುತ್ತೇನೆ. ವಾರಕ್ಕೆ ಎರಡು ಸಲ, ಹೊಸಬರ ಮುಂದೆ, ಬಾಯಿ ಬಿಟ್ಟು ಹೇಳಿದರೆ ಎಂದಾದರೂ ಒಂದು ದಿನ ಹಗುರಾಗಬಹುದು.

ನಿನ್ನ
ಗುಬ್ಬಿ


ಸೆಪ್ಟೆಂಬರ್ ೧

ಗುಬ್ಬಿ,

ಸಂಜೆ ಐದು. ಮಳೆ ಬಂದು ಹೋಯಿತು. ಸಾರು ಮಾಡಿದ್ದೆ, ಅತ್ತೆ ಅರ್ಧ ಬಿಟ್ಟರು.

ಕಲ್ಲಿನ ಹತ್ತಿರ ಅದನ್ನು ಹೇಳಬೇಡ. ಬೇರೆ ಏನಾದರೂ ಹೇಳು. ಏನೂ ಹೇಳದಿದ್ದರೆ ಇನ್ನೂ ಒಳ್ಳೆಯದು.

ಅಕ್ಕ


ಸೆಪ್ಟೆಂಬರ್ ೮

ಅಕ್ಕಾ,

ಯಾಕೆ?

ನಾನು ಊರಿಗೆ ಬರಬಾರದು. ಬಂದರೆ ನಿನ್ನ ಮುಂದೆ ನಿಲ್ಲಬಾರದು. ನಿಂತರೆ ಬಾಯಿ ಬಿಡಬಾರದು. ತಪ್ಪು ಮಾಡಿದವಳು ತಪ್ಪಾಯಿತು ಅನ್ನುವುದಕ್ಕೂ ನಿನ್ನ ಅಪ್ಪಣೆ ಬೇಕೇ? ಮಣ್ಣು ಮಾಡುವ ದಿನ ನೀನು ನನ್ನ ಕಡೆ ನೋಡಲೇ ಇಲ್ಲ. ಊರವರು "ಬಾಯಿ ಇದ್ದಷ್ಟು ಬುದ್ಧಿ ಇರ್ಲಿಲ್ಲ ನೋಡು" ಅಂದಾಗ ನೀನು ಅಲ್ಲೇ ಇದ್ದೆ. ಒಂದು ಮಾತು ಆಡಲಿಲ್ಲ. ಸರಿ, ಗಂಡನನ್ನು ಕಳೆದುಕೊಂಡವಳು, ಆಡಬೇಕಿಲ್ಲ ಅಂದುಕೊಂಡೆ. ಚಿಕ್ಕವಳಿದ್ದಾಗ ನನಗೆ ಜಡೆ ಹಾಕಿದವಳು ನೀನು. ನನ್ನ ಬೆನ್ನು ನೋಡಿಯೇ ಅಳುತ್ತಿದ್ದೇನೋ ಇಲ್ಲವೋ ಹೇಳುತ್ತಿದ್ದೆ. ಈಗ ಎರಡು ಸಾಲು ಬರೆದು ಬಾಯಿ ಮುಚ್ಚು ಅನ್ನುತ್ತೀಯ.

ಹೇಳಿಯೇ ಹೇಳುತ್ತೇನೆ. ಕಾರಣ ಕೊಟ್ಟರೆ ಮಾತ್ರ ಬಿಡುತ್ತೇನೆ.

ಗುಬ್ಬಿ


ಅಕ್ಟೋಬರ್ ೫

ಗುಬ್ಬಿ,

ಬೆಳಗ್ಗೆ ಎಂಟೂವರೆ. ಇವತ್ತು ಇನ್ನೂ ಏನೂ ಮಾಡಿಲ್ಲ. ಒಲೆ ಹಚ್ಚಿಲ್ಲ. ಮೊದಲು ಇದನ್ನು ಬರೆದು ಮುಗಿಸುತ್ತೇನೆ.

ಫೋನು ಎತ್ತಿದ್ದು ನಾನು.

ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಎರಡೂ ಕೈ ಹಿಟ್ಟಿನಲ್ಲಿತ್ತು. ಮೊಣಕೈಯಿಂದ ಎತ್ತಿ ಕಿವಿಗೆ ಒತ್ತಿಕೊಂಡೆ. "ಅಕ್ಕಾ, ಒಬ್ರು ಕಡಿಮೆ. ಟೀಚರಮ್ಮಂಗೆ ಸೊಂಟ ಹಿಡ್ಕೊಂಡಿದೆ, ಲಾಡ್ಜಿಗೆ ಬಿಟ್ಟಿದೀನಿ. ಹನ್ನೊಂದು ಮಾಡ್ಬಿಡು, ಭಾವಂಗೆ ಹೇಳು" ಅಂದೆ ನೀನು. ಒಂದಕ್ಷರ ಬಿಡದೆ ಕೇಳಿಸಿತು. ಲೈನು ಅಷ್ಟೇನೂ ಕೆಟ್ಟಿರಲಿಲ್ಲ. ನಾನು ಆಯ್ತು ಅಂದೆ, ಒಂದೇ ಸಲ. ನಿನ್ನ ಕಿವಿ ಸರಿಯಾಗಿದೆ.

ಕೈ ತೊಳೆದುಕೊಂಡು ಒದ್ದೆ ಬಟ್ಟೆ ಹಿಡಿದು ಹಲಗೆಯ ಮುಂದೆ ನಿಂತೆ. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು, ಸೌದೆ ಒಡೆಯುತ್ತಿದ್ದರು. ಇಪ್ಪತ್ತು ಹೆಜ್ಜೆ ದೂರ. ಅದಕ್ಕೆ ಮೂರು ದಿನ ಮೊದಲು ನಿನ್ನ ವಿಷಯಕ್ಕೆ ಅವರ ಜೊತೆ ಜಗಳವಾಗಿತ್ತು. "ಕಳಿಸಿದೋಳು ಬಂದು ಅಳಿಸಲ್ಲ, ಫೋನಲ್ಲೇ ಮುಗಿಸ್ತಾಳೆ. ನಾನೇನು ಅವಳ ಕೆಲಸದೋಳಾ? ನೀವೊಂದು ಮಾತು ಹೇಳಿ" ಅಂದಿದ್ದೆ. "ಹೋಗ್ಲಿ ಬಿಡೇ, ದೇವ್ರು ಅವಳಿಗೆ ಬಾಯಿ ಕೊಟ್ಟಾಗ ಕಾಲು ಕೊಡೋದು ಮರ್ತ" ಅಂದು ನಕ್ಕುಬಿಟ್ಟರು. ನಾನು ತಪ್ಪು ಮಾಡಿದಾಗ ಅವರು ಹಾಗೆ ನಕ್ಕ ನೆನಪಿಲ್ಲ.

ಒದ್ದೆ ಬಟ್ಟೆ ಕೆಳಗಿಟ್ಟೆ. ಹನ್ನೆರಡು ತಟ್ಟೆ ಇರಲಿ, ಹನ್ನೊಂದು ಜನ ಬರಲಿ, ಅವರೇ ನೋಡಲಿ ಅಂದುಕೊಂಡೆ. ಯಾಕೆ ಹೀಗಾಯಿತು ಅಂತ ನನ್ನನ್ನು ಕೇಳುತ್ತಾರೆ. ಆಗ ನಿಮ್ಮ ಗುಬ್ಬಿಯನ್ನೇ ಕೇಳಿ ಅನ್ನಬೇಕು, ಒಂದು ಸಲವಾದರೂ ಅತಿಥಿಗಳ ಮುಂದೆ ಅವರಿಗೆ ನಿನ್ನ ಮೇಲೆ ಸಿಟ್ಟು ಬರಬೇಕು. ಇಷ್ಟೇ ನನ್ನ ಆಸೆ. ಹನ್ನೆರಡನೆಯ ತಟ್ಟೆಯನ್ನು ಉಳಿದವುಗಳಿಗಿಂತ ಚೆನ್ನಾಗಿ ಒರೆಸಿ ಇಟ್ಟೆ.

ಅವರು ಬಂದು ಕೇಳುವ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಸಾರಿಗೆ ಉದುರಿಸಲು ಸೊಪ್ಪು ಕೊಯ್ಯಲು ಹಿತ್ತಿಲಿಗೆ ಹೋಗಿದ್ದೆ. ಹತ್ತು ನಿಮಿಷ ಆಗಿರಬಹುದು. ಒಳಗೆ ಬಂದರೆ ಹನ್ನೊಂದು ಜನ ಕೂತಿದ್ದರು. "ನಿಮ್ಮ ಯಜಮಾನ್ರು ಮೇಡಂನ ಕರ್ಕೊಂಡ್ ಬರೋಕೆ ಹೋದ್ರು. ಅವ್ರು ಇನ್ನೂ ಮಲಗ್ಕೊಂಡು ನೋಡ್ತಾ ಇದ್ರಲ್ಲ, ಅದಕ್ಕೆ" ಅಂದರು ಒಬ್ಬರು. ಬಾಗಿಲಿಗೆ ಬಂದೆ. ಮಂಜಿನಲ್ಲಿ ಸೌದೆ ರಾಶಿಯೂ ಕಾಣುತ್ತಿರಲಿಲ್ಲ. ರೀ ಅಂತ ಕೂಗಿದೆ. ಒಂದು ಸಲ ಕೂಗಿದೆ ಗುಬ್ಬಿ. ಎರಡನೆಯ ಸಲ ಕೂಗಲಿಲ್ಲ. ಮಂಟಪದ ಬೀಗ ನೋಡಿಕೊಂಡು ತಾವೇ ವಾಪಸ್ ಬರುತ್ತಾರೆ, ಸ್ವಲ್ಪ ಅಲೆಯಲಿ, ಆಗಲಾದರೂ ನಗು ನಿಲ್ಲಲಿ ಅನ್ನಿಸಿತು. ಒಳಗೆ ಬಂದು ಬಡಿಸಿದೆ.

ಅವತ್ತು ಯಾರೋ ಪುಸ್ತಕದಲ್ಲಿ ಬರೆದು ಹೋಗಿದ್ದಾರೆ. ಬೆಟ್ಟದ ಮಾತಿಲ್ಲ, ಹಕ್ಕಿಯ ಮಾತಿಲ್ಲ. 'ಊಟ ಬಹಳ ಚೆನ್ನಾಗಿತ್ತು' ಅಂತ ಒಂದೇ ಸಾಲು. ಆ ಪುಟ ಹರಿಯಬೇಕೆಂದು ಎಷ್ಟೋ ಸಲ ತೆಗೆದಿದ್ದೇನೆ.

ಪೊಲೀಸರು ಫೋನು ಎತ್ತಿದ್ದು ಯಾರು ಎಂದು ಕೇಳಿದಾಗ ಅತ್ತೆ ನನ್ನ ಪಕ್ಕದಲ್ಲಿ ಕೂತು, ಬಂದವರಿಗೆಲ್ಲ ಆಯ್ತು ಆಯ್ತು ಅನ್ನುತ್ತಿದ್ದರು. ನನ್ನ ಕೈ ಅವರ ಕಡೆ ತೋರಿಸಿತು. ಅವರು ಅದಕ್ಕೂ ಆಯ್ತು ಆಯ್ತು ಅಂದರು.

ಇಷ್ಟು ದಿನ ಹೇಳದವಳು ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿನಗಾಗಿ ಅಂತ ಬರೆಯಲು ಆಸೆ, ಆದರೆ ಅದು ನಿಜವಲ್ಲ. ಹೋದ ವಾರದಿಂದ ಅತ್ತೆ ಬಲಗೈಗೆ ಹಳೇ ಬಟ್ಟೆ ಸುತ್ತಿ ಕಟ್ಟಿಕೊಳ್ಳುತ್ತಿದ್ದಾರೆ. ಬಿಚ್ಚಲು ಹೋದರೆ "ಫೋನ್ ಎತ್ತಿದ್ದು ಈ ಕೈನೇ. ಇದಕ್ಕೆ ಇನ್ನು ಅನ್ನ ಇಲ್ಲ" ಅನ್ನುತ್ತಾರೆ. ಎಡಗೈಯಲ್ಲಿ ತಿನ್ನಲು ಬರುವುದಿಲ್ಲ, ಅರ್ಧ ಚೆಲ್ಲುತ್ತಾರೆ. ನಾನು ತಿನ್ನಿಸಿದರೆ ಬಾಯಿ ಮುಚ್ಚುತ್ತಾರೆ.

ನಿನ್ನೆ ಅವರ ಮುಂದೆ ಕೂತು ಹೇಳಿದೆ. "ಅತ್ತೆ, ಎತ್ತಿದ್ದು ನೀವಲ್ಲ, ನಾನು."

"ಹಂಗಾದ್ರೆ ನಾನಲ್ವಾ?" ಅಂದರು.

"ನೀವಲ್ಲ."

"ಖಂಡಿತ ನಾನಲ್ವಾ?"

"ಅಲ್ಲ ಅತ್ತೆ."

ತಾವೇ ಹಲ್ಲಿನಿಂದ ಗಂಟು ಬಿಚ್ಚಿಕೊಂಡರು. ಬಲಗೈಯಿಂದ ಉಂಡರು, ಎರಡನೆಯ ಸಲ ಸಾರು ಕೇಳಿ ಹಾಕಿಸಿಕೊಂಡರು. ಆಮೇಲೆ ಎದ್ದು ಗೋಡೆ ಹಿಡಿದು ಹೋಗಿ ತಮ್ಮ ತಟ್ಟೆ ತಾವೇ ತೊಳೆದಿಟ್ಟರು. ಈ ಮನೆಗೆ ನಾನು ಬಂದ ಮೇಲೆ ಅವರು ತಟ್ಟೆ ತೊಳೆದದ್ದು ಅದೇ ಮೊದಲು. ಇವತ್ತು ಬೆಳಗ್ಗೆಯೂ ಲೋಟ ತಾವೇ ತೊಳೆದುಕೊಂಡರು. ನಾನು ಕೈ ಚಾಚಿದರೆ ಪಕ್ಕಕ್ಕೆ ಇಡುತ್ತಾರೆ.

ನೀನು ಕಾರಣ ಕೇಳಿದ್ದೆ. ಇದು.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಏನಾದರೂ ಉತ್ತರ ಕೊಡಬೇಕಾಗುತ್ತದೆ.

ಅಕ್ಕ


ನವೆಂಬರ್ ೨

ಕಾಗದದ ಮೇಲೆ ಅಕ್ಕಾ ಅಂತ ಬರೆಯಲು ಕೈ ಬರುತ್ತಿಲ್ಲ, ಹಾಗೇ ಶುರು ಮಾಡುತ್ತಿದ್ದೇನೆ.

ನಿನ್ನ ಕಾಗದ ಬಂದ ದಿನ ಕಿಟಕಿ ಮುಚ್ಚಿ ಓದಿದೆ. ಹೊರಗೆ ಜನ ಗಾಜು ಬಡಿಯುತ್ತಿದ್ದರು. ಮೇಲಿನವರು ಬಂದು "ಏನಮ್ಮಾ, ಯಾರಾದ್ರೂ ಹೋಗ್ಬಿಟ್ರಾ?" ಅಂದರು. ಹೌದು ಅಂದೆ. ಅವರು ರಜೆ ಕೊಟ್ಟರು.

ಸಿಟ್ಟು ಬಂದಿದೆ ಎಂದು ಬರೆದರೆ ಸಣ್ಣದಾಗುತ್ತದೆ. ಒಂದು ವರ್ಷ ನನ್ನ ಬಾಯಿಗೆ ನಾನೇ ಬೈದುಕೊಂಡೆ. ಊಟ ಸೇರಲಿಲ್ಲ. ಇಲ್ಲಿ ಯಾರಿಗೂ ಒಂದು ಕಥೆ ಹೇಳಲಿಲ್ಲ. ನೀನು ಅಲ್ಲಿ ಸೊಪ್ಪಿನ ಹುಳ ತೆಗೆಯುತ್ತಿದ್ದೆ, ಹೌದು ಅಂತ ಬರೆಯುತ್ತಿದ್ದೆ. ಆ ಮುದುಕಿಯ ಕೈಗೆ ಬಟ್ಟೆ ಕಟ್ಟಿಸಿದೆ.

ನಾನೂ ನಿಯಮ ಮುರಿದೆ, ಅದು ನನ್ನದಾಗಿಯೇ ಇರುತ್ತದೆ. ನಿನ್ನದರಲ್ಲಿ ಸೇರಿಸಿ ಹಗುರ ಮಾಡಿಕೊಳ್ಳಬೇಡ.

ಕೆಲಸಕ್ಕೆ ಬರುತ್ತೇನೆ. ನಿನಗಾಗಿ ಅಲ್ಲ. ಆ ಹಕ್ಕಿಗಳು ನನ್ನವು. ಬೆಟ್ಟ ಭಾವನದು. ಹದಿನೇಳಕ್ಕೆ ಮೊದಲ ತಂಡ. ಇನ್ನು ಮುಂದೆ ಜನರನ್ನು ಅವರಷ್ಟಕ್ಕೆ ಇಳಿಯಲು ಬಿಡುವುದಿಲ್ಲ, ನಾನೇ ಬಾಗಿಲವರೆಗೆ ಕರೆತರುತ್ತೇನೆ. ಸಂಖ್ಯೆ ನಾನೇ ಬಂದು ಬರೆಯುತ್ತೇನೆ, ಅಳಿಸುವುದಿದ್ದರೂ ನಾನೇ ಅಳಿಸುತ್ತೇನೆ. ನೀನು ಹಲಗೆ ಮುಟ್ಟಬೇಡ. ನನಗೆ ತಟ್ಟೆ ಇಡಬೇಡ.

ಗಣಿಯ ಹತ್ತಿರ ಏನೂ ಹೇಳುವುದಿಲ್ಲ. ನಿಂತು ತಲೆ ಎಣಿಸುತ್ತೇನೆ ಅಷ್ಟೆ. ಹೇಳುವುದಿದ್ದರೆ ಊಟಕ್ಕೆ ಕೂತವರಿಗೆ ನೀನು ಹೇಳು.

ಗುಬ್ಬಿ ಅನ್ನಬೇಡ ಇನ್ನು. ಆ ಹೆಸರು ಇಟ್ಟವಳು ಬೇರೆ ಯಾರೋ.


ನವೆಂಬರ್ ೧೬

ತಂಗೀ,

ಮಧ್ಯಾಹ್ನ ಎರಡು ಗಂಟೆ. ನೀನು ಬಂದು ಹೋಗಿ ಒಂದು ಗಂಟೆಯಾಯಿತು. ಇದನ್ನು ಅಂಚೆಗೆ ಹಾಕುವುದಿಲ್ಲ, ಹಲಗೆಯ ಹಿಂದೆ ಸಿಕ್ಕಿಸಿ ಇಡುತ್ತೇನೆ. ನಾಳೆ ಸಂಖ್ಯೆ ನೋಡಲು ಬಂದಾಗ ಸಿಗುತ್ತದೆ.

ನೀನು ಒಳಗೆ ಬಂದಾಗ ನಾನು ಕಾಳು ಆರಿಸುತ್ತಿದ್ದೆ. ಏಳಲಿಲ್ಲ, ಎದ್ದರೆ ನೀನು ಹೊರಟುಬಿಡುತ್ತೀಯ ಅನ್ನಿಸಿತು. ಸೊರಗಿದ್ದೀಯ. ಹಲಗೆ ಒರೆಸಿ, ಸೀಮೆಸುಣ್ಣದಿಂದ ಬರೆದು, ಕೈ ಝಾಡಿಸಿಕೊಂಡೆ. ಆಗ ಅತ್ತೆ ಒಳಗಿನಿಂದ ಕೂಗಿದ್ದು ನಿನಗೂ ಕೇಳಿತಲ್ಲ.

"ಯಾರದು, ಗುಬ್ಬೀನಾ? ಬಂದ್ಯಾ? ಇಲ್ ಬಾ. ಫೋನ್ ಎತ್ತಿದ್ದು ನಾನಲ್ಲಂತೆ ಕಣೇ!"

ನೀನು ಒಳಗೆ ಹೋದೆ. ಏನು ಮಾತಾಡಿದಿರೋ ಗೊತ್ತಿಲ್ಲ. ಅತ್ತೆ ನಕ್ಕದ್ದು ಕೇಳಿಸಿತು. ನಾಲ್ಕು ಹತ್ತರ ಬಸ್ಸಿನ ಕಥೆ ಹೇಳಿದೆಯೇನೋ. ಆಚೆ ಬಂದಾಗ ನೀರು ಬೇಕಾ ಎಂದು ಕೇಳಿದೆ. ನೀನು ಹಲಗೆಯನ್ನು ನೋಡಿ ಹೊರಟೆ.

ಮಾತಾಡಿಸಬಾರದು ಅಂತ ಗೊತ್ತು, ಆದರೆ ಎರಡು ವಿಷಯ ನಿನಗೆ ತಿಳಿಯಬೇಕು.

ನಾನು ಕಚೇರಿಗೆ ಹೋಗಿ ಮೂರು ಪೆನ್ನಿನವರಿಗೆ ಎಲ್ಲ ಹೇಳಿದೆ. ಕಾಣೆಯಾದ ಅತಿಥಿ ಅಂತ ಹಾಕಿಸಬೇಡಿ, ಹೆಂಡತಿಯ ಹೊಟ್ಟೆಕಿಚ್ಚಿಗೆ ಅಂತ ಹಾಕಿಸಿ ಅಂದೆ. ಅವರು ಬರೆದುಕೊಳ್ಳಲು ಪೆನ್ನು ತೆಗೆದಿದ್ದರು, ಮತ್ತೆ ಜೇಬಿಗೆ ಇಟ್ಟರು. "ಅಮ್ಮಾ, ಕಲ್ಲು ಕೆತ್ತಿ ಆಗ್ಹೋಗಿದೆ" ಅಂದರು. ಆಮೇಲೆ, "ಅಡುಗೆ ಮಾತ್ರ ನೀವೇ ಮಾಡ್ಬೇಕು, ಅದಿಲ್ದೆ ಆಗಲ್ಲ" ಅಂದರು. ನಿನ್ನೆ ಕಲ್ಲು ನಿಲ್ಲಿಸಿದರು. ನೋಡಲು ಹೋಗಿದ್ದೆ. ಅಕ್ಷರ ಚೆನ್ನಾಗಿ ಬಂದಿದೆ. ಸುಳ್ಳು ಅಷ್ಟು ಆಳವಾಗಿ ಕೆತ್ತಿದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಇನ್ನೊಂದು. ಊಟಕ್ಕೆ ಕೂತವರಿಗೆ ನೀನು ಹೇಳು ಅಂದಿದ್ದೆ. ಹೇಳುತ್ತೇನೆ. ಮೂರು ದಿನದಿಂದ ಒಲೆಯ ಮುಂದೆ ಹೇಳಿ ನೋಡುತ್ತಿದ್ದೇನೆ. 'ಫೋನು ಎತ್ತಿದ್ದು ನಾನು' ಅನ್ನುವವರೆಗೆ ಬರುತ್ತದೆ. ಮುಂದಿನದು ಬರುವುದಿಲ್ಲ. ನಿನಗಿದ್ದ ಬಾಯಿ ನನಗಿಲ್ಲ. ಅಷ್ಟೇ ಹೇಳಿ ಬಡಿಸುತ್ತೇನೆ. ಪುಸ್ತಕವನ್ನು ಮತ್ತೆ ಅಟ್ಟಕ್ಕೆ ಹಾಕಿದ್ದೇನೆ, ಯಾರೂ ಏನೂ ಬರೆಯುವುದು ಬೇಡ.

ಅವರು ಒಡೆದಿಟ್ಟ ಸೌದೆಯನ್ನು ಇವತ್ತು ಮೊದಲ ಸಲ ರಾಶಿಯಿಂದ ತೆಗೆದೆ. ಕಾಳು ನೆನೆಹಾಕಿದ್ದೇನೆ. ತಟ್ಟೆ ತೊಳೆದಾಯಿತು. ನೀನು ಬರೆದದ್ದು ಹನ್ನೆರಡು. ನಿನಗೆ ಇಡುವುದಿಲ್ಲ.

ನಾಳೆ ಸಂಜೆ ನಾಲ್ಕೂವರೆಗೆ ಹನ್ನೆರಡು ಜನ ಊಟಕ್ಕೆ ಬರುತ್ತಾರೆ.

ಅಕ್ಕ